ಒಂದೇ ಉಸಿರಿಗೆ ಅಕ್ಕ ತಮ್ಮನ್ನ ಕೂಗಿದ ರಾಣಿ ಕತೆ

ಬತ್ತಿ ಮುಂದಕ್ಕೆ ಎಳೀರಿ, ಕೈಗೆ ಅಕ್ಷತೆ ತಗಂಡು ತೊಟ್ಟಿಲ ಸುತ್ತ ಕೂತ್ಕಳಿ. ನಡುವೆ ಯಾರೂ ಏಳಂಗಿಲ್ಲ. ನಾನು ಮೂರನೇ ಕ್ಲಾಸೂ ದಾಟಿದೋನಲ್ಲ, ಆದ್ರೆ ಮಕ್ಕಳ್ನ ಕಾಯೋ ತೊಟ್ಟಿಲವ್ವನ ಕತೇನ ಒಂದು ಮಾತೂ ಬಿಡ್ದಂಗೆ ಹೇಳೋನು ಈ ಸೀಮೇಲಿ ನಾನೊಬ್ನೇ.

ಹೊನ್ನಗಿರಿ ಅಂತ ಒಂದು ಪಟ್ಣ, ಆ ಪಟ್ಣಕ್ಕೊಬ್ಬ ರಾಜ, ಆ ರಾಜನಿಗೊಬ್ಳು ರಾಣಿ, ಹೊನ್ನಾಜಮ್ಮಣ್ಣಿ. ಗಂಡು ಬೇಕು ಅಂತಿದ್ದೋಳಿಗೆ ಮೊದಲು ಹೆಣ್ಣು ಹುಟ್ತು. ಹೆಣ್ಣು ಇಷ್ಟಕ್ಕೇ ಸಾಕು ಅಂತ ಅದಕ್ಕೆ ಸಾಕವ್ವ ಅಂತ ಹೆಸರಿಟ್ಟು, ಭತ್ತ ಕುಟ್ಟೋ ಮುದುಕಿ ಮಡಿಲಿಗೆ ಹಾಕಿ, ತಾನು ಉಪ್ಪರಿಗೆ ಹತ್ತಿ ಕೂತ್ಲು. ಐದು ವರ್ಷಕ್ಕೆ ಗಂಡು ಹುಟ್ತು. ಏಳು ಜನ ಪಂಡಿತರು ಏಳು ದಿನ ಕೂತು ರಾಜಮಾರ್ತಾಂಡ ಪ್ರಚಂಡ ಭೂಪಾಲ ಅಂತ ಹೆಸರು ತೆಗೆದ್ರು.

ತೊಟ್ಟಿಲು ಹಾಕೋ ದಿನ ಮುದುಕಿ ಬಂದು, "ತಾಯಿ, ಮೊದ್ಲು ಅಕ್ಕನ ಹೆಸ್ರು ಕೂಗಿ, ಅದೇ ಉಸಿರಲ್ಲಿ ತಮ್ಮನ ಹೆಸ್ರು ಕೂಗ್ಬೇಕು, ಅದು ತೊಟ್ಟಿಲವ್ವನ ಕಟ್ಲೆ" ಅಂದ್ಲು.

"ನನ್ನ ಮಗನ ಹೆಸರಿನ ಪಕ್ಕ ಆ ಹೆಸರಾ? ರೇಷ್ಮೆಗೆ ಗೋಣಿ ತೇಪೆ ಹಾಕ್ತಾರೇನೇ ಮುದ್ಕಿ!" ಅಂದು ರಾಣಿ ಮಗನ್ನೊಬ್ಬನ್ನೇ ಕೂಗಿದ್ಲು.

ತೊಟ್ಟಿಲವ್ವ ಮುನಿದ್ಲು. ಅಕ್ಕನ್ನ ಕೂಗದ ಬಾಯಿ ತಮ್ಮನ ಕಿವಿಗೂ ಮುಟ್ಟದಿರ್ಲಿ ಅಂದ್ಲು. ಅಂದಂಗೇ ಆಯ್ತು. ಕೂಸು ಬೆಳೀತು, ನಡೀತು, ಗುಬ್ಬಿ ಚಿಂವ್ ಅಂದ್ರೆ ತಿರುಗ್ತಿತ್ತು, ತಾಯಿ ಕೂಗಿದ್ರೆ ತಿರುಗ್ತಿರ್ಲಿಲ್ಲ. ವೈದ್ಯರು ಕಿವಿಗೆ ಎಣ್ಣೆ ಬಿಟ್ಟೂ ಬಿಟ್ಟೂ ಸೋತ್ರು. ಇತ್ಲಾಗೆ ಸಾಕವ್ವ, ಮುದುಕಿ ಜೊತೆ ಕಾಳು ಕೇರ್ತಾ, ತಮ್ಮ ಬಂದಾಗೆಲ್ಲ ನಾನು ಅವರೆ, ನೀನು ತೊಗರಿ ಅಂತ ಇಬ್ರಿಗೂ ತಾನೇ ಹೆಸರಿಟ್ಕಂಡಿದ್ಲು.

ಒಂದಿನ ಪಟ್ಟದ ಆನೆ ಸರಪಳಿ ಕಿತ್ಕಂಡು ಅಂಗಳಕ್ಕೆ ನುಗ್ತು. ಮೂರು ವರ್ಷದ ಕೂಸು ನಡುವೆ ಕೂತು ಮಣ್ಣಾಡ್ತಿತ್ತು. ರಾಣಿ ಮೇಲಿಂದ ರಾಜಮಾರ್ತಾಂಡಾ ಪ್ರಚಂಡಾ ಅನ್ನೋದ್ರೊಳಗೆ ಉಸಿರೇ ಮುಗೀತು. ಕೂಸು ತಿರುಗ್ಲಿಲ್ಲ. ಕುಟ್ಟೋ ಮನೆ ಬಾಗಿಲಿಂದ ಸಾಕವ್ವ "ಲೇ ತೊಗ್ರೀ!" ಅಂದ್ಲು. ಕೂಸು ಎದ್ದು ಓಡಿ ಅವಳ ಲಂಗ ಹಿಡೀತು. ಕೂತಿದ್ದ ಜಾಗವ ಆನೆ ತುಳ್ಕಂಡು ಹೋಯ್ತು.

ರಾಣಿ ಇಳಿದು ಬಂದು "ಸಾಕವ್ವ, ಬಾರೇ" ಅಂದ್ಲು. ಹೆಣ್ಣು ಬರ್ಲಿಲ್ಲ. ತಮ್ಮನ್ನ ಎತ್ಕಂಡು ಒಳಕ್ಕೆ ಹೋಯ್ತು. ರಾಣಿ ಮುದುಕಿ ಕಾಲು ಹಿಡಿದು, ವಿಧಾನ ಕೇಳ್ಕಂಡು, ತಲೆಗೆ ನೀರು ಹಾಕ್ಕಂಡು, ಬರೀ ತೊಟ್ಟಿಲಿಗೆ ಅವರೆ ಒಂದು ಹಿಡಿ, ತೊಗರಿ ಒಂದು ಹಿಡಿ ಹಾಕಿ, ದೀಪ ಹಚ್ಚಿ, ಒಂದಚ್ಚು ಬೆಲ್ಲವ ಎರಡು ಹೋಳು ಮಾಡಿ, ಕುಟ್ಟೋ ಮನೆ ಹೊಸ್ತಿಲಲ್ಲಿ ನಿಂತು ಒಂದೇ ಉಸಿರಿಗೆ "ಅವರೇ, ತೊಗರೀ" ಅಂದ್ಲು.

ಮೊದಲ ಕೂಗಿಗೆ ತಮ್ಮ ತಿರುಗ್ದ. ಎರಡಕ್ಕೆ ಎದ್ದ. ಮೂರಕ್ಕೆ ಬಾಗಿಲಿಗೆ ಬಂದು, ದಾಟ್ದೆ, ಹಿಂದಕ್ಕೆ ನೋಡ್ತಾ ನಿಂತ. ನಾಕಕ್ಕೂ ಒಳಗೆ ಮೊರದ ಸದ್ದು ನಿಲ್ಲಲಿಲ್ಲ. ಐದನೇ ಕೂಗಿಗೆ ರಾಣಿ ಗಂಟಲು ಒಡೀತು. ಮೊರ ನಿಂತೋಯ್ತು. ಅಕ್ಕ ಅವರೆ ಎದ್ದು ಬಂದು, ತಮ್ಮನ ಕೈ ಹಿಡಿದು, ತಾಯಿ ಮುಖ ನೋಡ್ದೆ ಬೆಲ್ಲಕ್ಕೆ ಅಂಗೈ ಚಾಚಿದ್ಲು.

ಆಮೇಲೆ ಅರಮನೇಲಿ ಚಂದ್ರಮಣಿ, ಸೂರ್ಯಮಣಿ ಅಂತ ಜೋಡಿ ಹೆಸರಾಯ್ತು, ಮನೇಲಿ ಅವರೆ ತೊಗರೀನೇ ಉಳೀತು, ರಾಜ್ಯ ಮಳೆ ಬೆಳೇಲಿ ತುಂಬ್ತು.

ಕತೆ ಹೇಳ್ದೋರಿಗೂ ಕೇಳ್ದೋರಿಗೂ ಕೂಗಿದ್ರೆ ಓಗೊಡೋ ಮಕ್ಕಳಾಗ್ಲಿ. ನಾನು ನನ್ನ ಏಳು ಮಕ್ಕಳ್ನೂ ಒಂದೇ ಉಸಿರಿಗೆ ಕೂಗ್ದೋನು, ಏಳೂ ಬಂದ್ವು. ಈಗ ಅಕ್ಷತೆ ಹಾಕಿ. ಬೆಲ್ಲ ತೊಟ್ಟಿಲಿಗಲ್ಲ, ಮೊದ್ಲು ಈ ಮನೆ ದೊಡ್ಡ ಮಗೀನ ಕೈಗೆ ಕೊಡಿ.