ಸಾಹೇಬರು ಬರೆದ ಆಟ

ನನ್ನಂಥ ಮೇಷ್ಟ್ರು ಸುತ್ತ ಹದಿನಾರು ಹಳ್ಳಿಯಲ್ಲಿಲ್ಲ. ಬೇಕಾದರೆ ನನ್ನನ್ನೇ ಕೇಳಿ. ನನ್ನ ತರಗತಿಯಲ್ಲಿ ಮಕ್ಕಳೇ ಹೊಸ ಆಟ ಕಟ್ಟಿ, ಆಡುವ ರೀತಿಯನ್ನು ಸ್ಲೇಟಿನ ಮೇಲೆ ಬರೆಯುತ್ತಾರೆ. ಉಳಿದವರು ಬರೆದಷ್ಟನ್ನೇ ಆಡಬೇಕು. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಶಾಲಾ ತನಿಖೆಗೆ ಬಂದ ಪುಟ್ಟನಂಜಯ್ಯ ಸಾಹೇಬರು ಇದನ್ನು ನೋಡಿ ದಂಗಾದರು.

"ಏನ್ರೀ ಮೇಷ್ಟ್ರೇ, ಪಾಠದ ಹೊತ್ತಲ್ಲಿ ಆಟವೇ? ನಾಳೆಯಿಂದ ಇದು ಬಂದ್!"

"ಆಗಲಿ ಸ್ವಾಮಿ. ಕೊನೆಯದಾಗಿ ತಾವೇ ಒಂದು ಆಟ ಬರೆದುಕೊಡಿ. ತಮ್ಮ ಬರವಣಿಗೆ ನೋಡಿ ಮಕ್ಕಳು ಕಲಿಯಲಿ," ಎಂದೆ.

ಸಾಹೇಬರು ಉಬ್ಬಿದರು. "ಇದೇನು ಮಹಾ!" ಎಂದು ಬಳಪ ಹಿಡಿದು ಬರೆದರು: 'ಒಂದು ಕಾಲು ಎತ್ತಿ. ಮುಂದಕ್ಕೆ ಕುಂಟುತ್ತಾ ಹೋಗಿ.'

ಮಕ್ಕಳು ಹೊರಟರು. ಅಂಗಳ ದಾಟಿದರು, ಗೇಟು ದಾಟಿದರು, ಸಂತೆಬೀದಿಗೇ ಇಳಿದರು. ಬಸ್ಸು ನಿಂತಿತು. ಎಮ್ಮೆಗಳು ಹೆದರಿ ದಾರಿ ಬಿಟ್ಟವು.

ಸಾಹೇಬರು ಗೇಟಿನಲ್ಲಿ ನಿಂತು ಕೈ ಬೀಸಿದರು. "ಅಯ್ಯಯ್ಯೋ! ನಿಲ್ರೋ! ನಿಲ್ರೇ!"

"ನಿಲ್ಲೋದು ಬರೆದಿಲ್ಲ ಸಾರ್!" ಮುಂದಿದ್ದ ಗುರುಬಸವಿ ಕೂಗಿದಳು.

ಸಾಹೇಬರು ಸ್ಲೇಟು ಹಿಡಿದು ಓಡಿದರು. ಮಕ್ಕಳ ಮುಂದೆ ಹೋಗಿ, ಏದುಸಿರು ಬಿಡುತ್ತಾ ಬರೆದು ತೋರಿಸಿದರು: 'ಎಲ್ಲರೂ ಹಿಂದಕ್ಕೆ ತಿರುಗಿ, ಕುಂಟುತ್ತಾ ಶಾಲೆಯ ಅಂಗಳಕ್ಕೆ ಬಂದು ನಿಲ್ಲಿ.'

"ಭೇಷ್ ಸ್ವಾಮಿ! ಎಲ್ಲಿಗೆ, ಹೇಗೆ, ಎಲ್ಲೀತನಕ, ಎಲ್ಲಾ ಇದೆ. ನಾನು ಕಲಿಸೋದು ಇದನ್ನೇ," ಎಂದೆ, ಅವರ ಹಿಂದೆಯೇ ಬಂದಿದ್ದ ನಾನು.

"ಕಲಿಸಿ ಮಾರಾಯರೇ, ದಿನಾ ಕಲಿಸಿ!" ಎಂದು ಸಾಹೇಬರು ಬೆವರು ಒರೆಸಿಕೊಂಡು ಶಾಲೆಯತ್ತ ನಡೆಯತೊಡಗಿದರು.

ಗುರುಬಸವಿ ತಡೆದಳು. "ಸಾರ್, 'ಎಲ್ಲರೂ' ಅಂತ ಬರೆದಿದ್ದೀರಿ."

ಸಾಹೇಬರು ನನ್ನನ್ನು ನೋಡಿದರು. ಬಾಯಿಬಿಟ್ಟು ನಿಂತ ಸಂತೆಯನ್ನು ನೋಡಿದರು. ಮೆಲ್ಲಗೆ ಒಂದು ಕಾಲು ಎತ್ತಿದರು.