ಮಧ್ಯಾಹ್ನ ಕಂಡ ಅರುಂಧತಿ

"ಗುರುಗಳೇ, ನಾನು ಏನು ಹೇಳಿದರೂ ನನ್ನ ಹೆಂಡತಿ ಹೂಂ ಅಂತಾಳೆ. ನಮ್ಮಿಬ್ಬರ ಮನಸ್ಸು ಒಂದೇ ಅಂತ ತಿಳ್ಕೊಳ್ಳಬಹುದಾ?"

ಹೀಗೆ ಕೇಳಿದ ಶಿಷ್ಯ ಮದುವೆಯಾಗಿ ಬಹಳ ವರ್ಷ ಆದವನು. ಕೇಳುವಾಗ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಇದ್ದ. ಅವನಿಗೆ ನಕ್ಷತ್ರ ನೋಡುವ ಹುಚ್ಚು. ಅವನ ಮದುವೆ ಮಧ್ಯಾಹ್ನದ ಲಗ್ನದಲ್ಲಿ ಆಯಿತು. ತಾಳಿ ಕಟ್ಟಿದ ಮೇಲೆ ಪುರೋಹಿತರು ಪದ್ಧತಿಯಂತೆ ಗಂಡುಹೆಣ್ಣಿಗೆ ಅರುಂಧತಿ ನಕ್ಷತ್ರ ತೋರಿಸಿದರು. ಮೇಲೆ ಸುಡುವ ಸೂರ್ಯ. ಅದರ ಕೆಳಗೆ ತೆಂಗಿನ ಗರಿಯ ಚಪ್ಪರ. ಪುರೋಹಿತರ ಬೆರಳು ಚಪ್ಪರಕ್ಕೆ ಕಟ್ಟಿದ್ದ ಬಾಳೆಗೊನೆಯ ಕಡೆಗಿತ್ತು.

"ಕಂಡಿತೇನಪ್ಪಾ?"

ಇಂಥ ಹೊತ್ತಿನಲ್ಲಿ ಎಲ್ಲರೂ ಕಂಡಿತು ಅಂತಾರೆ, ಊಟಕ್ಕೆ ಏಳುತ್ತಾರೆ. ಇವನು ಇಲ್ಲ ಅಂದ. ಅಂದು ಸುಮ್ಮನಿರಲಿಲ್ಲ, ಸರಿಯಾಗಿ ನೋಡೋಣ ಅಂತ ಚಪ್ಪರದಿಂದ ಆಚೆಗೆ ಹೊರಟ. ಇವನ ಶಲ್ಯಕ್ಕೂ ಹುಡುಗಿಯ ಸೆರಗಿಗೂ ಗಂಟು ಹಾಕಿತ್ತು, ಅವಳೂ ಹಿಂದೆ ಓಡಬೇಕಾಯಿತು. ಮದುಮಗ ಓಡಿಹೋಗುತ್ತಿದ್ದಾನೆ ಅಂದುಕೊಂಡು ಹೆಣ್ಣಿನ ಕಡೆಯವರು ಅಡ್ಡ ನಿಂತರು.

ಎಳೆದು ತಂದು ಕೂರಿಸಿದ ಮೇಲೆ ಪುರೋಹಿತರು ಬೆವರು ಒರೆಸಿಕೊಂಡು ಹುಡುಗಿಯನ್ನು ಕೇಳಿದರು.

"ನಿನಗಾದರೂ ಕಂಡಿತೇನಮ್ಮಾ?"

"ಹೂಂ, ಕಂಡಿತು," ಅಂದಳು ಅವಳು.

ರೈತ ಬೆರಗಾದ. ಹಾಡುಹಗಲಿನಲ್ಲಿ ಗರಿಯ ಚಪ್ಪರ ದಾಟಿ ನಕ್ಷತ್ರ ಕಾಣುವ ಕಣ್ಣು ಯಾರಿಗುಂಟು? ಅವಳನ್ನು ಅವನು ಮೆಚ್ಚಿದ್ದು ಆ ಗಳಿಗೆಯಲ್ಲಿ.

ಆಮೇಲೆ ಪ್ರತಿ ವರ್ಷ, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ, ಇಬ್ಬರೂ ಉಂಡು ಮಾಳಿಗೆ ಹತ್ತುತ್ತಿದ್ದರು. ಕಂಬಳಿ ಹಾಸಿ ಅಂಗಾತ ಮಲಗುತ್ತಿದ್ದರು. ಚಳಿ ಹೋಗಿ ಸೆಕೆ ಇನ್ನೂ ಬಾರದ ಆ ದಿನಗಳಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತೆ. ಅವನು ಬೆರಳು ಮಾಡಿ ತೋರಿಸುವನು. ಅದು ಕೃತ್ತಿಕೆ, ಅಗೋ ಸಪ್ತರ್ಷಿಗಳು ಮೇಲೆ ಬಂದರು, ವಸಿಷ್ಠನ ಮಗ್ಗುಲಲ್ಲಿ ಸಣ್ಣಗೆ ಇರೋದೇ ನಿನ್ನ ಅರುಂಧತಿ. ಅವಳು ಹೂಂ ಅನ್ನುವಳು. ಅವಳ ಒಂದು ಹೂಂಗೆ ಅವನ ಆಕಾಶ ಎರಡರಷ್ಟಾಗುತ್ತಿತ್ತು. ಅಷ್ಟು ಸುಖ ತನಗೆ ಬೇರೆಲ್ಲೂ ಇಲ್ಲ ಅಂದುಕೊಂಡಿದ್ದ. ಇರಲೂ ಇಲ್ಲ.

ಒಂದು ವರ್ಷ ಕಣದ ಕೆಲಸದಲ್ಲಿ ತುಂಬಾ ದಣಿದಿದ್ದ. ಅರುಂಧತಿ ತೋರಿಸುತ್ತ ತೋರಿಸುತ್ತಲೇ ತೂಕಡಿಸಿದ. ಕೈ ಜಾರಿತು.

"ಹೂಂ. ಇವತ್ತು ಎಷ್ಟು ಹೊಳೀತಿದೆ," ಅಂದಳು ಹೆಂಡತಿ.

ರೈತ ಕಣ್ಣು ಬಿಟ್ಟ. ಅವನ ಬೆರಳಿನ ನೇರಕ್ಕೆ, ಕೆಳಗೆ ಹಿತ್ತಲಲ್ಲಿ, ಎಮ್ಮೆ ನಿಂತು ಮೆಲುಕು ಹಾಕುತ್ತಿತ್ತು.

"ನಿಂಗೆ ನಕ್ಷತ್ರ ಕಾಣುತ್ತೇನೇ?"

"ಇಲ್ಲ. ಚಿಕ್ಕವಳಿದ್ದಾಗಿನಿಂದ ಹಾಗೇ. ಈ ಮಾಳಿಗೆ ಅಂಚಿನಿಂದಾಚೆ ನಂಗೆ ಎಲ್ಲಾ ಹೊಗೆ."

"ಮದುವೆ ದಿನ ಕಂಡಿತು ಅಂದೆ."

"ನೀವು ಎದ್ದು ಓಡಿದ್ರಿ. ಇನ್ನು ನಾನೂ ಇಲ್ಲ ಅಂದಿದ್ರೆ ನಮ್ಮಪ್ಪ ಎದೆ ಒಡ್ಕೊಳ್ತಿದ್ದ."

"ಸರಿ, ಅವತ್ತು ಅಂದೆ. ಆಮೇಲೆ ಇಷ್ಟು ವರ್ಷ?"

"ವರ್ಷವೆಲ್ಲಾ ನೀವು ನನ್ನ ಹತ್ರ ಮಾತಾಡೋದು ಎಮ್ಮೆಗೆ ಹುಲ್ಲು ಹಾಕಿದ್ಯಾ, ಸಾರಿಗೆ ಉಪ್ಪು ಹಾಕಿದ್ಯಾ, ಇಷ್ಟೇ. ಇಲ್ಲಿ ಮಾತ್ರ ಪಕ್ಕದಲ್ಲಿ ಮಲಗಿ ಬೇರೆ ಏನೋ ಹೇಳ್ತಿದ್ರಿ. ಕಾಣಲ್ಲ ಅಂದಿದ್ರೆ ಇದೂ ಹೋಗ್ತಿತ್ತು."

ರೈತ ಕಂಬಳಿ ಸುತ್ತಿಕೊಂಡು ಕೆಳಗಿಳಿದ. ಏಣಿಯ ಹತ್ತಿರ ಬಂದವಳಿಗೆ ಮೆಟ್ಟಿಲು ಕಾಣಲಿಲ್ಲ. ಕೈಯಿಂದ ತಡವಿಕೊಂಡು ತಾನೇ ಇಳಿದಳು.

ಮಾರನೆಯ ರಾತ್ರಿ ಅವನೊಬ್ಬನೇ ಹತ್ತಿದ. ನಕ್ಷತ್ರಗಳೆಲ್ಲಾ ಇದ್ದ ಜಾಗದಲ್ಲೇ ಇದ್ದವು. ಬೆರಳು ಎತ್ತಿದ, ಯಾರಿಗೆ ಅಂತ ತಿಳಿಯದೆ ಇಳಿಸಿದ. ಅವಳು ಕೆಳಗೆ ಏಣಿಯ ಹತ್ತಿರ ಕೂತು ಕಾದಳು, ಕರೆಯಬಹುದು ಅಂತ. ಅವನು ಕರೆಯಲಿಲ್ಲ. ಅವಳು ಹೆದರಿದ್ದೇ ಆಯಿತು. ಕೆಲವು ದಿನ ಕಳೆದ ಮೇಲೆ ಅವನೂ ಹತ್ತುವುದು ಬಿಟ್ಟ. ಏಣಿಯನ್ನು ಅವರೆಕಾಯಿ ಬಳ್ಳಿಗೆ ಆಸರೆಯಾಗಿ ನಿಲ್ಲಿಸಿದರು. ಬಳ್ಳಿ ಚೆನ್ನಾಗಿ ಹಬ್ಬಿತಂತೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರು ಬಿಟ್ಟ. "ಪಾಪ, ಅವಳನ್ನ ಅವನು ಯಾವತ್ತೂ ಸರಿಯಾಗಿ ಕೇಳಲೇ ಇಲ್ಲ. ನಾನು ಹಾಗಲ್ಲ ಬಿಡಿ, ಅಲ್ವಾ ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಹೂಂ."