ಮಂಜಿಗೆ ಗೊತ್ತಿದ್ದ ಹೆಸರು

ಒಂದು ಊರು ಸೇರಿಕೊಂಡು ಒಬ್ಬ ಹುಡುಗಿಯ ಹೆಸರನ್ನು ಕದ್ದಿತು. ಹಾಡಹಗಲೇ ಕದ್ದಿತು. ಕದ್ದವರು ನಗುತ್ತಿದ್ದರು. "ತಮಾಷೆಗೆ" ಅಂದರು. ಅದು ತಮಾಷೆಯಲ್ಲ ಮಕ್ಕಳೇ, ಕಳ್ಳತನ. ಹೇಗೆ ಕದ್ದರು ಅಂತ ಹೇಳುತ್ತೇನೆ, ಹತ್ತಿರ ಬಂದು ಕೂತುಕೊಳ್ಳಿ.

ಬೆಟ್ಟದ ಬುಡದಲ್ಲಿ ಮುಸುಕೂರು ಅಂತ ಒಂದು ಪುಟ್ಟ ರಾಜ್ಯ. ಅಲ್ಲಿ ವರ್ಷಕ್ಕೊಂದು ದಿನ ಬೆಟ್ಟದಿಂದ ಮಂಜು ಇಳಿಯುತ್ತಿತ್ತು. ಅಂಥಿಂಥ ಮಂಜಲ್ಲ. ಹಿಂಜಿದ ಹತ್ತಿಯ ಹಾಗೆ ಮೆಲ್ಲಗೆ, ಮೆತ್ತಗೆ ಇಳಿಯುತ್ತಿತ್ತು. ದಾರಿ ಕರಗುತ್ತಿತ್ತು. ಮರ ಕರಗುತ್ತಿತ್ತು. ನಿಮ್ಮ ಕೈ ನಿಮಗೇ ಕಾಣುತ್ತಿರಲಿಲ್ಲ. ಒಳಗಿದ್ದವರಿಗೆ ತಾವು ನಿಂತಿದ್ದೇವೋ ತೇಲುತ್ತಿದ್ದೇವೋ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಇಳಿದ ಮಂಜು ದೀಪ ಹಚ್ಚುವ ಹೊತ್ತಿಗೆ ಮೇಲೇಳುತ್ತಿತ್ತು. ಏಳುವಾಗ ತನ್ನೊಳಗೆ ಉಳಿದವರನ್ನೂ ಎತ್ತಿಕೊಂಡು ಹೋಗುತ್ತಿತ್ತು. ಹಾಗೆ ಹೋದವರು ತಿರುಗಿ ಬಂದದ್ದಿಲ್ಲ.

ಬಿಡಿಸಿಕೊಳ್ಳಲು ಒಂದೇ ಉಪಾಯ. ತೊಟ್ಟಿಲಿಗೆ ಹಾಕಿದ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುವ ಹೆಸರಿದೆಯಲ್ಲ, ಅದನ್ನೇ ಹೊಸ್ತಿಲ ಮೇಲೆ ನಿಂತು ಮೂರು ಸಲ ಕೂಗಬೇಕು. ಆಗ ಮಂಜು ಸರಿದು, ಆ ಹೆಸರಿನವರ ಕಾಲಿಗೆ ದಾರಿ ಬಿಡುತ್ತಿತ್ತು.

ಆ ಊರಲ್ಲಿ ಸುಗ್ಗವ್ವ ಇದ್ದಳು. ಸುಗ್ಗಿಯಲ್ಲಿ ಹುಟ್ಟಿದ್ದಕ್ಕೆ ಅಜ್ಜಿ ಇಟ್ಟ ಹೆಸರು. ಅವಳ ಎಡಗಾಲು ಸಣ್ಣದು, ಕೋಲೂರಿ ನಡೆಯುತ್ತಿದ್ದಳು. ಅಪ್ಪ ಅಮ್ಮ ಇರಲಿಲ್ಲ. ಅಜ್ಜಿಯೂ ಹೋದ ಮೇಲೆ ದೀಪದ ಬತ್ತಿ ಹೊಸೆದು ಬದುಕುತ್ತಿದ್ದಳು. ಊರಿನ ಪ್ರತಿ ಮನೆಯ ದೀಪದಲ್ಲೂ ಅವಳು ಹೊಸೆದ ಬತ್ತಿಯೇ ಉರಿಯುತ್ತಿತ್ತು.

ಅದೇ ಊರಲ್ಲಿ ಡಂಗುರ ಸಾರುವವನೊಬ್ಬ ಇದ್ದ. ಮೂರು ಹೊಲದಾಚೆ ಕೇಳುವ ದನಿ ಅವನದು. ತನಗೆ ತಾನೇ ಸಿಂಹಕಂಠ ಅಂತ ಹೆಸರಿಟ್ಟುಕೊಂಡಿದ್ದ. ಊರೂ ಹಾಗೇ ಕರೆಯಿತು. ತನಗೆ ದೊಡ್ಡ ಹೆಸರು, ಬೇರೆಯವರಿಗೆ ಕೆಟ್ಟ ಹೆಸರು ಇಡುವುದು ಅವನ ಚಟ.

ಒಂದು ದಿನ ಸುಗ್ಗವ್ವನನ್ನು ನೋಡಿ ಕೂಗಿದ: "ಏ ಕುಂಟೀ, ಬೇಗ ನಡಿಯೇ! ನೀನು ಬರೋದ್ರೊಳಗೆ ನಾಳೆ ಬಂದುಬಿಡುತ್ತೆ!"

ಮಕ್ಕಳು ನಕ್ಕರು. ಮರುದಿನ ಮಕ್ಕಳೂ ಕುಂಟಿ ಅಂದರು. ಮೂರನೇ ದಿನ ಹೆಂಗಸರು ಬಾಗಿಲಿಗೆ ಬಂದು, "ಕುಂಟೀ, ಎರಡು ಹಿಡಿ ಬತ್ತಿ ಕೊಡೇ" ಅಂದರು. "ನನ್ನ ಹೆಸರು..." ಅಂತ ಅವಳು ಬಾಯಿ ತೆರೆಯುವುದರೊಳಗೆ ಹೊರಟುಹೋಗಿದ್ದರು. ಆಮೇಲೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು.

ಹೀಗೇ ವರ್ಷಗಳು ಉರುಳಿದವು. ಒಂದು ವರ್ಷ ಮಂಜಿನ ದಿನ ಬಂತು. ಸಿಂಹಕಂಠ ಡಂಗುರ ಬಡಿದ: "ಮಂಜು ಇಳೀತಿದೆ, ಮನೆ ಸೇರ್ಕೊಳ್ರೋ!" ಮಕ್ಕಳು ಓಡಿದರು. ಓಡುವಾಗ ಒಬ್ಬ ಹುಡುಗ ಸುಗ್ಗವ್ವನ ಕೋಲು ಕಿತ್ತು ಹೊಲದಾಚೆ ಎಸೆದ. ಸಿಂಹಕಂಠ ನೋಡಿದ. ಗದರಿದನೇ? ಇಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ.

ಸುಗ್ಗವ್ವ ನೆಲದ ಮೇಲೆ ತೆವಳಿಕೊಂಡು ಕೋಲು ಹುಡುಕಿದಳು. ಕೋಲು ಸಿಕ್ಕಿತು. ಅಷ್ಟರಲ್ಲಿ ಮಂಜು ಅವಳ ಸುತ್ತ ಮುಚ್ಚಿಕೊಂಡಿತು.

ಊರು ತಲೆ ಎಣಿಸಿತು. ಒಂದು ತಲೆ ಕಡಿಮೆ. ಅವಳಿಗೆ ಮನೆಯವರಿಲ್ಲದ್ದಕ್ಕೆ ರಾಜನ ಅಪ್ಪಣೆಯಂತೆ ಸಿಂಹಕಂಠನೇ ಅರಮನೆಯ ಹೊಸ್ತಿಲ ಮೇಲೆ ನಿಂತು ಕೂಗಿದ: "ಕುಂಟೀ! ಕುಂಟೀ! ಕುಂಟೀ!"

ಮಂಜು ಹೇಳಿತು: "ಆ ಹೆಸರಿನವರು ನನ್ನ ಹತ್ತಿರ ಯಾರೂ ಇಲ್ಲ."

ರಾಜನಿಗೆ ಗಾಬರಿಯಾಯಿತು. "ಅವಳ ತೊಟ್ಟಿಲ ಹೆಸರೇನಯ್ಯಾ?" ಅಂದ.

ಸಿಂಹಕಂಠ ತಲೆ ಕೆರೆದುಕೊಂಡ.

ರಾಜ ಹೆಂಗಸರನ್ನು ಕೇಳಿದ. "ತೊಟ್ಟಿಲಿಗೆ ಹಾಕಿದ ದಿನ ನಾವೆಲ್ಲ ಹೋಗಿದ್ವಿ ದೊರೆ" ಅಂದಳು ಒಬ್ಬಳು. "ಅವರಜ್ಜಿ ಕಡಲೆ ಗುಗ್ಗರಿ ಕೊಟ್ಟಿದ್ರು. ಕಾಯಿತುರಿ ಹಾಕಿ ಎಷ್ಟು ಚೆನ್ನಾಗಿ ಮಾಡಿದ್ರು!" ಗುಗ್ಗರಿಯ ರುಚಿ ಎಲ್ಲರಿಗೂ ನೆನಪಿತ್ತು. ಹೆಸರು ಒಬ್ಬರಿಗೂ ನೆನಪಿರಲಿಲ್ಲ.

ರಾಜ ಮಕ್ಕಳನ್ನು ಕೇಳಿದ. ಕೋಲು ಎಸೆದ ಹುಡುಗ ಮೂಗೊರೆಸಿಕೊಂಡು, "ಅವಳಿಗೆ ಬೇರೆ ಹೆಸರಿತ್ತಾ?" ಅಂದ.

ಆಕಾಶದ ಅಂಚು ಕೆಂಪಾಗುತ್ತಿತ್ತು. ಮಂಜಿನ ಸೆರಗು ನೆಲ ಬಿಡುವ ಹೊತ್ತು.

"ಹೋಗಿ ಅವಳನ್ನೇ ಕೇಳು" ಅಂದ ರಾಜ ಸಿಂಹಕಂಠನಿಗೆ. "ಅಡ್ಡಹೆಸರು ಇಟ್ಟವನು ನೀನು."

"ಅದಕ್ಕೇನು ಮಹಾಸ್ವಾಮಿ? ನನ್ನ ಹೆಸರು ಊರಿಗೆಲ್ಲ ಗೊತ್ತು. ನೀವು ಕೂಗಿ, ಕೂಗಿದ ಕೂಡಲೇ ಬಂದುಬಿಡ್ತೀನಿ" ಅಂತ ಎದೆ ಸೆಟೆಸಿಕೊಂಡು ಮಂಜಿನೊಳಗೆ ಹೋದ.

ಒಳಗೆ ಎಲ್ಲ ಬೆಳ್ಳಗೆ. ಸದ್ದು ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಸುಗ್ಗವ್ವ ಒಂದು ಕಲ್ಲಿನ ಮೇಲೆ ಕೂತಿದ್ದಳು. ಕಾಲಬೆರಳು ಆಗಲೇ ಹೊಗೆಯಂತೆ ತೆಳ್ಳಗಾಗುತ್ತಿತ್ತು.

"ನಿನ್ನ ಹೆಸರೇನೇ?" ಅಂದ ಸಿಂಹಕಂಠ.

"ಇಷ್ಟು ವರ್ಷಕ್ಕೆ ಇವತ್ತು ಕೇಳಿದಿಯಾ ಅಣ್ಣ?" ಅಂದಳು. "ಸುಗ್ಗವ್ವ."

ಅವನು ಊರಿನ ಕಡೆ ಬಾಯಿ ಮಾಡಿ ಕೂಗಿದ: "ಸುಗ್ಗವ್ವ ಅಂತೆ!" ದನಿ ಊರು ಮುಟ್ಟಿತು. ಊರೆಲ್ಲ ತಂತಮ್ಮ ಹೊಸ್ತಿಲ ಮೇಲೆ ನಿಂತು ಕೂಗಿತು: "ಸುಗ್ಗವ್ವಾ! ಸುಗ್ಗವ್ವಾ! ಸುಗ್ಗವ್ವಾ!"

ಮಂಜು ಬೈತಲೆಯ ಹಾಗೆ ಎರಡಾಯಿತು. ನಡುವೆ ದಾರಿ.

"ಬಾ ಅಣ್ಣ, ನನ್ನ ಹೆಗಲು ಹಿಡ್ಕೊ. ಜೊತೆಗೆ ಹೋಗೋಣ" ಅಂದಳು.

"ಕುಂಟಿ ಹೆಗಲು ಹಿಡ್ಕೊಂಡು ಊರ ಮುಂದೆ ಬರಲಾ? ನೀನು ತೆವಳ್ಕೊಂಡು ಬಾ, ನಾನು ಮುಂದೆ ಓಡ್ತೀನಿ" ಅಂದವನೇ ಅವಳನ್ನು ದಾಟಿ ಓಡಿದ. ಎರಡು ಹೆಜ್ಜೆಗೆ ಮಂಜು ಅವನನ್ನು ನುಂಗಿತು. ದಾರಿ ಅವನದಾಗಿರಲಿಲ್ಲ. ಸುಗ್ಗವ್ವ ತನ್ನ ನಡಿಗೆಯಲ್ಲೇ, ನಿಧಾನವಾಗಿ ಊರು ಸೇರಿದಳು.

ಊರು ಕೂಗಿತು: "ಸಿಂಹಕಂಠಾ! ಸಿಂಹಕಂಠಾ! ಸಿಂಹಕಂಠಾ!"

"ಆ ಹೆಸರಿನವರು ನನ್ನ ಹತ್ತಿರ ಯಾರೂ ಇಲ್ಲ" ಅಂದಿತು ಮಂಜು.

ಮಂಜು ನೆಲದಿಂದ ಒಂದು ಗೇಣು ಎದ್ದಿತು. ಸಿಂಹಕಂಠನ ಕಾಲೂ ನೆಲ ಬಿಟ್ಟಿತು. "ಅಯ್ಯೋ, ಯಾರಾದ್ರೂ ಕರೀರಪ್ಪಾ!" ಅಂತ ಅರಚಿದ.

ಸುಗ್ಗವ್ವ ಹೊಸ್ತಿಲಿಗೆ ಬಂದಳು. "ಅಣ್ಣ, ನಿನ್ನ ತೊಟ್ಟಿಲ ಹೆಸರೇನು?"

"ರಣಸಿಂಹ!" ಮಂಜು ಕದಲಲಿಲ್ಲ.

"ಗಂಡುಗಲಿ!" ಮಂಜು ಕದಲಲಿಲ್ಲ.

ಆಮೇಲೆ ತುಂಬ ಸಣ್ಣ ದನಿ ಬಂತು. "ಗುಬ್ಬಣ್ಣ. ಗುಬ್ಬಿ ಥರ ಇದ್ದೆ ಅಂತ ಅಮ್ಮ ಇಟ್ಟಿದ್ದು."

ಮಕ್ಕಳು ಕಿಸಕ್ಕನೆ ನಕ್ಕರು. ಸುಗ್ಗವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. "ನಗಬೇಡಿ. ಅವರಮ್ಮ ಪ್ರೀತಿಯಿಂದ ಇಟ್ಟ ಹೆಸರು" ಅಂದಳು. ಮೂರು ಸಲ ಕೂಗಿದಳು: "ಗುಬ್ಬಣ್ಣಾ! ಗುಬ್ಬಣ್ಣಾ! ಗುಬ್ಬಣ್ಣಾ!"

ಅವನು ಬಂದ. ಡಂಗುರ ಮಂಜಿನಲ್ಲೇ ಉಳಿಯಿತು. ತಲೆ ಎತ್ತದೆ ಸುಗ್ಗವ್ವನ ಮುಂದೆ ನಿಂತ.

ರಾಜ ಹೇಳಿದ: "ಸುಗ್ಗವ್ವ, ನೀನು ಒಂದು ಜೀವ ಉಳಿಸಿದೆ. ಇನ್ನು ನಿನ್ನನ್ನು ಯಾರೂ ಕುಂಟಿ ಅನ್ನಬಾರದು."

"ಉಳಿಸದೆ ಇದ್ದಿದ್ರೆ ಅನ್ನಬಹುದಿತ್ತಾ ದೊರೆ?" ಅಂದಳು ಸುಗ್ಗವ್ವ.

ಮಂಜು ಬೆಟ್ಟದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗಿ, ಮೆಲ್ಲಗೆ ಆಕಾಶದಲ್ಲಿ ಸೇರಿಹೋಯಿತು.

ನೀತಿ ಬೇಕಲ್ಲ ನಿಮಗೆ? ತಗೊಳ್ಳಿ. ಕಾಲು ಸಣ್ಣದಿರಲಿ, ಕಣ್ಣು ಕಾಣದಿರಲಿ, ಮಾತು ತೊದಲಲಿ, ಮನುಷ್ಯರಿಗೆ ಮರ್ಯಾದೆ ಹುಟ್ಟಿನಿಂದಲೇ ಬಂದದ್ದು. ಯಾರ ಜೀವವನ್ನೂ ಉಳಿಸಿ ಅದನ್ನು ಸಂಪಾದಿಸಬೇಕಾಗಿಲ್ಲ. ಅಡ್ಡಹೆಸರು ಇಟ್ಟವನು ಕಳ್ಳನಾದರೆ, ಪಕ್ಕದಲ್ಲಿ ನಿಂತು ನಕ್ಕವರೂ ಕಳ್ಳರೇ.

ನಿನ್ನ ಶಾಲೆಯಲ್ಲೂ ಒಬ್ಬರಿದ್ದಾರೆ. ಯಾರು ಅಂತ ನಿನಗೆ ಗೊತ್ತು. ನಾಳೆ ಅವರನ್ನು ಆಡಿಕೊಂಡು ಎಲ್ಲರೂ ನಗುವಾಗ ನೀನು ಬೆಂಚಿನಲ್ಲಿ ತಲೆ ತಗ್ಗಿಸಿಕೊಂಡು ಕೂರಬೇಡ. "ನಿಲ್ಲಿಸ್ರೋ" ಅಂತ ಗಟ್ಟಿಯಾಗಿ ಹೇಳು. ಹೇಳಿ, ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತುಕೋ.